ಫಿಲೆಮೋನನ ಮನೆಯಲ್ಲಿ ಕೂಡುತ್ತಿದ್ದ ಸಭೆ

ವೇದಪಾಠ: ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆ, ೧ರಿಂದ ೨೫ನೆಯ ವಚನದ ವರೆಗೆ.



ಪೌಲನ ಪತ್ರಿಕೆಗಳಲ್ಲಿ ಇದೇ ಅತಿ ಚಿಕ್ಕದು. ಇದರಲ್ಲಿರುವದು ಒಂದೇ ಅಧ್ಯಾಯ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಇದನ್ನು ಓದಿ ಮುಗಿಸಬಹುದು. ಆದಕಾರಣ ಅನೇಕರು ತೀತನ ಪತ್ರಿಕೆಯಿಂದ ಇಬ್ರಿಯರ ಪತ್ರಿಕೆಗೆ ಹಾಳೆ ತಿರುವುವಾಗ ಇದನ್ನು ದಾಟಿಹೋಗುತ್ತಾರೆ. ಆದರೂ ಪ್ರಾರ್ಥನೆ, ಪ್ರೀತಿ, ನಂಬಿಕೆಯ ಅನ್ಯೋನ್ಯತೆ ಎಂಬ ಮಾತುಗಳು ಒಬ್ಬನ ಮನೆಯ ಹೊಸ್ತಿಲಿಗೆ ಬಂದು ನಿಂತಾಗ ಅವುಗಳ ಬೆಲೆ ಎಷ್ಟೆಂಬದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸುವ ಭಾಗವು ವಿರಳ.

ಫಿಲೆಮೋನನು ಕೊಲೊಸ್ಸೆ ಊರಿನ ಸಭೆಗೆ ಸೇರಿದವನು. ಆ ಊರು ಈಗಿನ ತುರ್ಕಿ ದೇಶದಲ್ಲಿತ್ತು. ವಿಶ್ವಾಸಿಗಳು ಅವನ ಮನೆಯಲ್ಲಿಯೇ ಆರಾಧನೆಗೆ ಕೂಡುತ್ತಿದ್ದರು. ಆ ಮನೆಯಲ್ಲಿ ಒನೇಸಿಮನೆಂಬ ದಾಸನಿದ್ದನು. ಅವನು ಯಜಮಾನನನ್ನು ಬಿಟ್ಟುಹೋಗಿ, ಸೆರೆಯಲ್ಲಿದ್ದ ಪೌಲನ ಬಳಿ ಸುವಾರ್ತೆಯನ್ನು ಕೇಳಿ ಕ್ರಿಸ್ತನನ್ನು ನಂಬಿದನು. ಅವನ ಹೆಸರಿಗೆ ಉಪಯುಕ್ತನೆಂದು ಅರ್ಥ. ಮೊದಲು ನಿರುಪಯೋಗಿಯಾಗಿದ್ದವನು ಈಗ ತನ್ನ ಹೆಸರಿಗೆ ತಕ್ಕವನಾದನೆಂದು ಪೌಲನು ೧೧ನೆಯ ವಚನದಲ್ಲಿ ಸಂತೋಷದಿಂದ ಹೇಳುತ್ತಾನೆ. ಬಳಿಕ ಈ ಪತ್ರಿಕೆಯೊಡನೆ ಅವನನ್ನು ಯಜಮಾನನ ಬಳಿಗೆ ತಿರುಗಿ ಕಳುಹಿಸುತ್ತಾನೆ.

ಮೊದಲನೆಯದಾಗಿ, ಪ್ರಾರ್ಥನೆಯನ್ನು ನೋಡೋಣ. ಪೌಲನು ಫಿಲೆಮೋನನಿಂದ ದೊಡ್ಡ ಸಂಗತಿಯೊಂದನ್ನು ಬೇಡಬೇಕಾಗಿತ್ತು. ಆದರೂ ಬೇಡುವದಕ್ಕೆ ಮುಂಚೆ ಅವನಿಗೋಸ್ಕರ ದೇವರನ್ನು ಸ್ತುತಿಸಿ, ಅವನ ನಂಬಿಕೆಯ ಅನ್ಯೋನ್ಯತೆಯು ಕಾರ್ಯಸಾಧಕವಾಗಲೆಂದು ಪ್ರಾರ್ಥಿಸಿದನು. ನಮ್ಮ ಹಳ್ಳಿಗಳಲ್ಲಿ ಕ್ರಮವು ಬಹುಸಾರಿ ತಲೆಕೆಳಗಾಗುತ್ತದೆ. ಇಬ್ಬರು ಸಹೋದರರಿಗೆ ಹೊಲದ ಬದುವಿನ ವಿಷಯದಲ್ಲಿ ಮನಸ್ತಾಪ ಹುಟ್ಟಿದರೆ ಸುದ್ದಿಯು ಮೊದಲು ಬಾವಿಯ ಕಟ್ಟೆಗೆ, ಆಮೇಲೆ ಚಾವಡಿಗೆ, ಎಲ್ಲಾ ಕೆಟ್ಟುಹೋದ ಮೇಲೆ ಪ್ರಾರ್ಥನಾಕೂಟಕ್ಕೆ ಬರುತ್ತದೆ. ಒಬ್ಬನ ಕುರಿತು ಜನರೊಡನೆ ಮಾತಾಡುವದಕ್ಕಿಂತ ಮುಂಚೆ ದೇವರೊಡನೆ ಮಾತಾಡಿದವನ ಬಾಯಲ್ಲಿ ಗದರಿಕೆಯೂ ಮೃದುವಾಗುತ್ತದೆ.

ಎರಡನೆಯದಾಗಿ, ಪ್ರೀತಿಯು ಆಜ್ಞೆ ಕೊಡದೆ ಬೇಡಿಕೊಳ್ಳುತ್ತದೆ. ಬೇಡಿಕೊಳ್ಳುವದಲ್ಲದೆ ಖರ್ಚನ್ನೂ ಹೊರುತ್ತದೆ. ಅಪೊಸ್ತಲನಾದ ಪೌಲನಿಗೆ ಅಪ್ಪಣೆ ಕೊಡುವ ಅಧಿಕಾರವಿತ್ತು. ಅವನು ಅದನ್ನು ಬದಿಗಿಟ್ಟನು. ಒನೇಸಿಮನಿಂದ ನಷ್ಟವೇನಾದರೂ ಆಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕಬೇಕೆಂದೂ ತಾನೇ ತೀರಿಸುವೆನೆಂದೂ ಸ್ವಹಸ್ತದಿಂದ ಬರೆದುಕೊಟ್ಟನು. ಜಾಮೀನು ನಿಲ್ಲುವದೆಂದರೆ ಏನೆಂದು ಸಾಲಪತ್ರಕ್ಕೆ ರುಜು ಹಾಕಿದವರಿಗೆಲ್ಲಾ ತಿಳಿದದೆ. ಸಮಾಧಾನವಾಗಿರಿ ಎಂದು ಬುದ್ಧಿ ಹೇಳುವವರು ಸಭೆಯಲ್ಲಿ ಅನೇಕರಿದ್ದಾರೆ; ಆ ಸಮಾಧಾನಕ್ಕಾಗಿ ತಮ್ಮ ಕೈಯಿಂದ ಕೊಡುವವರು ಕೊಂಚ. ನಮ್ಮ ಸಾಲವನ್ನು ತನ್ನ ಮೇಲೆ ಹಾಕಿಕೊಂಡ ಕರ್ತನ ಮನಸ್ಸು ಈ ಕೊಂಚ ಜನರಲ್ಲಿ ಕಾಣಿಸುತ್ತದೆ.

ಮೂರನೆಯದಾಗಿ, ಪತ್ರಿಕೆಯ ಹೃದಯವು ೧೬ನೆಯ ವಚನದಲ್ಲಿದೆ. ಒನೇಸಿಮನನ್ನು ಇನ್ನು ದಾಸನಂತೆ ಅಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಪೌಲನು ಕೇಳುತ್ತಾನೆ. ಈ ಪತ್ರಿಕೆಯು ಫಿಲೆಮೋನನಿಗೆ ಮಾತ್ರವಲ್ಲದೆ ಅವನ ಮನೆಯಲ್ಲಿ ಕೂಡುವ ಸಭೆಗೂ ಬರೆಯಲ್ಪಟ್ಟಿತೆಂಬದನ್ನು ಲಕ್ಷ್ಯದಲ್ಲಿಡಿರಿ. ಹಾಗಾದರೆ ಆರಾಧನೆಯ ದಿನದಲ್ಲಿ ಒನೇಸಿಮನು ಎಲ್ಲಿ ಕುಳಿತುಕೊಳ್ಳಬೇಕಾಗಿತ್ತು? ಹಿಂದೆ ಅವನ ಸ್ಥಳ ಅಡಿಗೆಮನೆಯೋ ಬಾಗಲ ಹೊರಗೋ ಆಗಿದ್ದರೂ, ಈಗ ಯಜಮಾನನು ಮುರಿದ ರೊಟ್ಟಿಯಲ್ಲಿಯೇ ಅವನಿಗೂ ಪಾಲು ಬರಬೇಕಾಗಿತ್ತು.

ನಮ್ಮ ದೇಶದಲ್ಲಿ ಕಾಯಿದೆಗಳು ಒಂದೊಂದಾಗಿ ಬಂದವು. ದಾಸನ ಮೇಲೆ ಯಜಮಾನನಿಗಿರುವ ಹಕ್ಕನ್ನು ನ್ಯಾಯಸ್ಥಾನಗಳು ಮನ್ನಿಸಬಾರದೆಂದು ೧೮೪೩ರಲ್ಲಿ ಕಾಯಿದೆಯಾಯಿತು. ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ತೆಗೆದುಹಾಕಿತು. ೧೯೭೬ರ ಕಾಯಿದೆಯು ಜೀತವನ್ನು ನಿಲ್ಲಿಸಿ ಜೀತದ ಸಾಲವನ್ನೂ ರದ್ದು ಮಾಡಿತು. ಇವು ದೊಡ್ಡ ಉಪಕಾರಗಳು. ಇವುಗಳಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸತಕ್ಕದ್ದು. ಆದರೆ ಕಾಯಿದೆಯು ಸಂಕಲೆಯನ್ನು ಮುರಿಯಬಲ್ಲದೇ ಹೊರತು ಒಬ್ಬನನ್ನು ಕೈಹಿಡಿದು ಕರೆದು ನಮ್ಮ ಚಾಪೆಯ ಮೇಲೆ ಕೂಡ್ರಿಸಲಾರದು. ಆ ಕೆಲಸವು ಸಭೆಗೆ ಒಪ್ಪಿಸಲ್ಪಟ್ಟಿದೆ. ದೀಕ್ಷಾಸ್ನಾನ ಹೊಂದಿದವರಲ್ಲಿಯೂ ಕುಲ ಕೇಳಿ ನೀರು ಕೊಡುವವರು, ಒಂದೇ ಪಾತ್ರೆಯಲ್ಲಿ ಕರ್ತನ ದ್ರಾಕ್ಷಾರಸವನ್ನು ಕುಡಿದು ಮನೆಗೆ ಬಂದ ಮೇಲೆ ಲೋಟವನ್ನು ಬೇರೆ ಇಡುವವರು ಇರುವದಾದರೆ, ಒನೇಸಿಮನು ಇನ್ನೂ ಹೊರಗೆ ನಿಂತಿದ್ದಾನೆ.

ಇಲ್ಲಿ ಕೆಲವರು ಒಂದು ಆಕ್ಷೇಪಣೆಯನ್ನು ತರುತ್ತಾರೆ. ನಾವು ಇಂಥವರೊಡನೆ ಉಂಡರೆ ನಮ್ಮ ಬಂಧುಗಳು ನಮ್ಮ ಮನೆಯ ಮೆಟ್ಟಲನ್ನು ತುಳಿಯುವದಿಲ್ಲ. ಆಗ ಅವರಿಗೆ ಸುವಾರ್ತೆಯನ್ನು ಸಾರುವದು ಹೇಗೆ, ಎನ್ನುತ್ತಾರೆ. ಇದು ಹಗುರವಾದ ಮಾತಲ್ಲ. ಬಂಧುಗಳನ್ನು ಕಳೆದುಕೊಳ್ಳುವ ದುಃಖ ಅನುಭವಿಸಿದವರಿಗೇ ಗೊತ್ತು. ಆದರೆ ಫಿಲೆಮೋನನೂ ಹಾಗೆಯೇ ಹೇಳಬಹುದಾಗಿತ್ತು. ದಾಸನನ್ನು ಅಣ್ಣನೆಂದು ಕರೆದರೆ ನೆರೆಹೊರೆಯ ಯಜಮಾನರು ನಕ್ಕಾರು, ಅವರೊಡನೆ ಇರುವ ಬಳಕೆ ತಪ್ಪೀತು ಎಂಬ ಭಯ ಅವನಿಗೂ ಹುಟ್ಟಬಹುದಾಗಿತ್ತು. ಆದಾಗ್ಯೂ ಪೌಲನು ತನ್ನ ಬೇಡಿಕೆಯನ್ನು ತಗ್ಗಿಸಲಿಲ್ಲ. ಯಾಕಂದರೆ ಸಹೋದರನನ್ನು ಮರೆಮಾಡಿ ಬಂಧುವಿಗೆ ಸಾರುವ ಸುವಾರ್ತೆಯಲ್ಲಿ ಸಾರುವದಕ್ಕೆ ಉಳಿದದ್ದೇನು? ನೆರೆಯವನು ನಮ್ಮ ವೇದಪುಸ್ತಕವನ್ನು ಓದದೆ ಇರಬಹುದು. ನಮ್ಮ ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತರೆಂಬದನ್ನು ಅವನು ಓದದೆ ಬಿಡನು. ಆದರೂ ಭಯಪಡುವವರನ್ನು ನಾವು ಜರೆಯಬಾರದು. ಪೌಲನು ಕಾದಂತೆ ಕಾದು, ಅವರಿಗೋಸ್ಕರ ಪ್ರಾರ್ಥಿಸಿ, ನಾವೇ ಮೊದಲು ಆ ಮನೆಗೆ ಹೋಗಿ ಉಣ್ಣಬೇಕು.

ಕಡೆಯದಾಗಿ, ಪೌಲನು ೨೨ನೆಯ ವಚನದಲ್ಲಿ ತನಗೋಸ್ಕರ ಇಳುಕೊಳ್ಳುವ ಸ್ಥಳವನ್ನು ಸಿದ್ಧಮಾಡಬೇಕೆಂದು ಹೇಳುತ್ತಾನೆ. ಅವರ ಪ್ರಾರ್ಥನೆಗಳಿಂದ ತಾನು ಬರುವೆನೆಂದು ನಿರೀಕ್ಷಿಸುತ್ತಾನೆ. ಬರುವವನು ಒನೇಸಿಮನು ಯಾವ ಸ್ಥಳದಲ್ಲಿ ಕುಳಿತಿದ್ದಾನೆಂದು ನೋಡದೆ ಇರುವನೇ? ಅಪೊಸ್ತಲನಿಗಿಂತ ದೊಡ್ಡವನಾದ ಕರ್ತನೂ ಬರುವವನಾಗಿದ್ದಾನೆ. ಆತನನ್ನು ಎದುರುನೋಡುವ ಮನೆಯಲ್ಲಿ ಬಾಗಲ ಹೊರಗೆ ನಿಲ್ಲುವ ಸಹೋದರನು ಇರಕೂಡದು.

ಮನೆಯವರು ಕೂಡಿ ಯೋಚಿಸತಕ್ಕ ಪ್ರಶ್ನೆಗಳು:

೧. ನಾವು ಈ ವಾರ ಯಾರ ಕುರಿತು ಪ್ರಾರ್ಥಿಸದೆ ಮಾತಾಡಿದೆವು?

೨. ನಮ್ಮ ಸಭೆಯಲ್ಲಿ ಸಮಾಧಾನವಾಗಬೇಕಾದ ಇಬ್ಬರಿಗಾಗಿ ನಾವು ಹೊರಬಹುದಾದ ನಷ್ಟ ಯಾವದು?

೩. ನಮ್ಮೊಡನೆ ಆರಾಧಿಸುವವರಲ್ಲಿ ನಮ್ಮ ಮನೆಯಲ್ಲಿ ಇದುವರೆಗೆ ಊಟಮಾಡದವರು ಯಾರು? ಅವರನ್ನು ಕರೆಯುವ ದಿನ ಯಾವದು?

ಪ್ರಾರ್ಥನೆ: ದಯಾಪರನಾದ ತಂದೆಯೇ, ದೂರವಾಗಿದ್ದ ನಮ್ಮನ್ನು ನಿನ್ನ ಮಗನ ಮೂಲಕ ಮನೆಯ ಮಕ್ಕಳನ್ನಾಗಿ ಸೇರಿಸಿಕೊಂಡಿದ್ದೀ. ನೀನು ಸೇರಿಸಿಕೊಂಡವರನ್ನು ನಾವು ಹೊರಗೆ ನಿಲ್ಲಿಸದಂತೆ ನಮ್ಮ ಹೃದಯದ ಬಾಗಲನ್ನೂ ಮನೆಯ ಬಾಗಲನ್ನೂ ತೆರೆ. ಭಯಪಡುವವರಿಗೆ ಧೈರ್ಯವನ್ನು ಕೊಡು. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ. ಆಮೆನ್.