ಉಪವಾಸಿಗನ ಬಾಯಿ ವಾಸನೆಯೂ ಮೂಗಿನ ಕಾಯಿಲೆಯೂ



ಉಪವಾಸಿಗನ ಬಾಯಿಯ ವಾಸನೆ ಅಲ್ಲಾಹನ ಬಳಿ ಕಸ್ತೂರಿಗಿಂತಲೂ ಉತ್ತಮವೆಂದು ಪ್ರವಾದಿ(ಸ) ಕಲಿಸಿದ್ದನ್ನು ನಾವೆಲ್ಲ ಮದ್ರಸದಲ್ಲೇ ಕೇಳಿದ್ದೇವೆ. ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಈ ಹದೀಸ್ ಇದೆ. ಅದನ್ನೇ ನೆಪ ಮಾಡಿಕೊಂಡು ನಾನು ಕೆಲವು ವರ್ಷ ಒಂದು ಕಾಯಿಲೆಯನ್ನು ಮುಚ್ಚಿಟ್ಟೆ. ಈದ್ ಕಳೆದು ತಿಂಗಳಾದರೂ ನನ್ನ ಬಾಯಿ ವಾಸನೆ ಹೋಗುತ್ತಿರಲಿಲ್ಲ. ರೂಮಿನ ಗೆಳೆಯರು ಮಾತಾಡುವಾಗ ಮುಖ ತಿರುಗಿಸುತ್ತಿದ್ದರು. ನಾನು ನಮಾಝಿಗೆ ಕೊನೆಯ ಸಫ್‌ನ ಮೂಲೆ ಹುಡುಕತೊಡಗಿದೆ. ಹೊಟ್ಟೆಯ ದೋಷವೆಂದು ಲವಂಗ, ಏಲಕ್ಕಿ, ಗ್ಯಾಸಿನ ಮಾತ್ರೆ ಎಲ್ಲ ಮಾಡಿ ನೋಡಿದೆ. ಕೊನೆಗೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ರಾತ್ರಿ ಬಾಯಿ ತೆರೆದು ಮಲಗುತ್ತೀರಾ?” ನಾನು ಅಕೌಂಟೆಂಟ್. ಆದರೂ ಮೂಗಿನ ಬಾಕಿಯನ್ನು ಹೊಟ್ಟೆಯ ಖಾತೆಗೆ ಬರೆದಿದ್ದೆ!

ಎರಡು ವಾಸನೆಗಳ ವ್ಯತ್ಯಾಸ

ಉಪವಾಸದಲ್ಲಿ ನೀರು, ಆಹಾರ ಇಲ್ಲದೆ ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಅದರಿಂದ ಬರುವ ವಾಸನೆ ಇಫ್ತಾರ್ ಆಗಿ, ಹಲ್ಲುಜ್ಜಿದ ಮೇಲೆ ಇಳಿಯುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಇಫ್ತಾರ್ ನಂತರವೂ ಉಳಿಯುವ ವಾಸನೆಗೆ ಬೇರೆ ಕಾರಣವಿರುತ್ತದೆ. ಹೆಚ್ಚಿನವರಲ್ಲಿ ಅದು ನಾಲಿಗೆ, ಒಸಡು ಅಥವಾ ಹುಳುಕು ಹಲ್ಲು. ಆದ್ದರಿಂದ ಮೊದಲು ಬಾಯಿಯನ್ನು ಪರೀಕ್ಷಿಸಿಕೊಳ್ಳಿ. ಜೊತೆಗೆ ಮೂಗು ಕಟ್ಟುವುದು, ಹಣೆ ಅಥವಾ ಕೆನ್ನೆ ಭಾರವಾಗುವುದು, ಗಂಟಲಿನ ಹಿಂದೆ ಕಫ ಇಳಿಯುವುದು, ಪರಿಮಳ ತಿಳಿಯದಿರುವುದು ಇದ್ದರೆ ಮೂಗಿನ ಕಡೆಗೂ ಗಮನ ಕೊಡಬೇಕು.

ಮೂಗಿನ ಸುತ್ತಲಿನ ಎಲುಬುಗಳಲ್ಲಿ ಸೈನಸ್ ಎಂಬ ಟೊಳ್ಳು ಜಾಗಗಳಿವೆ. ಅಲ್ಲಿನ ಲೋಳೆ ಸಣ್ಣ ಕಿಂಡಿಗಳ ಮೂಲಕ ಮೂಗಿಗೆ ಹರಿಯುತ್ತದೆ. ಧೂಳಿನ ಅಲರ್ಜಿ ಅಥವಾ ಶೀತದಿಂದ ಕಿಂಡಿ ಊದಿಕೊಂಡರೆ ಲೋಳೆ ಅಲ್ಲೇ ನಿಲ್ಲುತ್ತದೆ. ಗಂಟಲಿಗೆ, ನಾಲಿಗೆಯ ಬುಡಕ್ಕೆ ಇಳಿದ ಕಫವನ್ನು ಬ್ಯಾಕ್ಟೀರಿಯಾ ಕೊಳೆಸಿ ಗಂಧಕದ ನಾತ ಹುಟ್ಟಿಸುತ್ತವೆ. ಮೂಗು ಕಟ್ಟಿದವನು ಬಾಯಿಯಲ್ಲಿ ಉಸಿರಾಡುವುದರಿಂದ ಬಾಯಿ ಇನ್ನಷ್ಟು ಒಣಗುತ್ತದೆ. ಲವಂಗ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚಬಹುದು, ಕಾರಣವನ್ನು ತೆಗೆಯಲಾರದು.

ಇಫ್ತಾರ್‌ನಿಂದ ಸಹರಿಯ ತನಕ

1. ಇಫ್ತಾರ್ ನಂತರ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ. ಒಂದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ 1 ಕಪ್ (ಸುಮಾರು 240 ಮಿ.ಲೀ.) ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡಾ. ಫಾರ್ಮಸಿಯಲ್ಲಿ ಬಾಟಲಿಯ ಜೊತೆ ಸಿದ್ಧ ಪುಡಿಯೂ ಸಿಗುತ್ತದೆ. ಟ್ಯಾಂಕಿನ ಹಸಿ ನೀರನ್ನು ಇದಕ್ಕೆ ಬಳಸಬೇಡಿ. ಅದರಲ್ಲಿರಬಹುದಾದ ಅಮೀಬಾ ಮೂಗಿನಿಂದ ಮೆದುಳಿಗೇರಿದರೆ, ಅಪರೂಪವಾದರೂ, ಪ್ರಾಣಕ್ಕೇ ಅಪಾಯ.

2. ಡಾಕ್ಟರು ಸ್ಟೀರಾಯ್ಡ್ ಸ್ಪ್ರೇ ಬರೆದಿದ್ದರೆ ದಿನವೂ ರಾತ್ರಿ ಹೊತ್ತಿನಲ್ಲೇ ಬಳಸಿ. ಪೂರ್ತಿ ಗುಣ ತೋರಲು ಒಂದೆರಡು ವಾರ ಬೇಕು. ಮೂಗನ್ನು ಥಟ್ಟನೆ ಬಿಡಿಸುವ ಕ್ಸೈಲೋಮೆಟಝೋಲಿನ್ ಮಾದರಿಯ ಹನಿಗಳನ್ನು ಡಾಕ್ಟರ ಸಲಹೆಯಿಲ್ಲದೆ 3-5 ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಅವುಗಳಿಂದಲೇ ಮೂಗು ಕಟ್ಟುತ್ತದೆ.

3. ಇಫ್ತಾರ್‌ನಿಂದ ಸಹರಿಯವರೆಗೆ ನೀರನ್ನು ಆಗಾಗ ಕುಡಿಯಿರಿ. ಮಲಗುವ ಮುನ್ನ ಮತ್ತು ಸಹರಿಯ ಬಳಿಕ ಹಲ್ಲಿನ ಜೊತೆ ನಾಲಿಗೆಯನ್ನೂ ಉಜ್ಜಿ. ಎ.ಸಿ. ಗಾಳಿ ನೇರ ಮುಖಕ್ಕೆ ಬೀಳದಂತೆ ಮಲಗಿ. ಧೂಳಿನ ಕೆಲಸದಲ್ಲಿ ಮಾಸ್ಕ್ ಹಾಕಿ.

ಹಗಲಿನ ಮಸ್ಅಲಗಳು

ಉಪವಾಸದಲ್ಲಿ ವುಝೂ ಮಾಡುವಾಗ ಮೂಗಿಗೆ ನೀರನ್ನು ಆಳವಾಗಿ ಎಳೆಯಬಾರದೆಂದು ಹದೀಸಿನಲ್ಲಿದೆ. ಹಗುರವಾಗಿ ಎಳೆದು ಸೀಟಿ ಬಿಡಿ. ಮಿಸ್ವಾಕ್ ಸುನ್ನತ್. ಶಾಫಿಈ ಮದ್ಹಬಿನಲ್ಲಿ ಉಪವಾಸಿಗನಿಗೆ ಮಧ್ಯಾಹ್ನ ಸೂರ್ಯ ವಾಲಿದ ನಂತರ ಅದು ಕರಾಹತ್, ಹನಫಿಯಲ್ಲಿ ಅಡ್ಡಿಯಿಲ್ಲ. ಮೂಗಿನ ಹನಿ ಮತ್ತು ಸ್ಪ್ರೇಯ ವಿಷಯದಲ್ಲೂ ಭಿನ್ನಾಭಿಪ್ರಾಯವಿದೆ. ಮೂಗಿನ ಒಳಗಿನ ತುದಿ ದಾಟಿದ ಮದ್ದು ಉಪವಾಸ ಮುರಿಯುತ್ತದೆ ಎಂಬುದು ಶಾಫಿಈ ನಿಲುವು. ಗಂಟಲಿಗೆ ಬಂದುದನ್ನು ನುಂಗದಿದ್ದರೆ ಮುರಿಯುವುದಿಲ್ಲ ಎಂದು ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1997ರಲ್ಲಿ ತೀರ್ಮಾನಿಸಿತು. ಮದ್ದನ್ನು ರಾತ್ರಿಗೇ ಇಟ್ಟುಕೊಂಡರೆ ಈ ಪ್ರಶ್ನೆಯೇ ಏಳದು. ಹಗಲಲ್ಲಿ ಬೇಕೇ ಬೇಕಾದವರು ಉಸ್ತಾದರನ್ನು ಕೇಳಿ.

ಯಾವಾಗ ಡಾಕ್ಟರು?

ಹತ್ತು ದಿನ ಕಳೆದರೂ ಕಡಿಮೆಯಾಗದಿದ್ದರೆ, ಅಥವಾ ಒಂದೇ ಹೊಳ್ಳೆಯಿಂದ ನಾತದ ಕೀವು, ರಕ್ತ ಬಂದರೆ ತೋರಿಸಿ. ಮೇಲಿನ ದವಡೆ ಹಲ್ಲಿನ ಬೇರಿನ ಸೋಂಕೂ ಸೈನಸ್ಸಿಗೆ ಹರಡುತ್ತದೆ. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜಾಗುವುದು, ಜೋರು ಜ್ವರದೊಂದಿಗೆ ತಡೆಯಲಾಗದ ತಲೆನೋವು ಬಂದರೆ ಅದೇ ಕ್ಷಣ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರದಿಂದಿರಬೇಕು. ರೋಗಿಗೆ ಬೇರೆ ದಿನಗಳಲ್ಲಿ ಉಪವಾಸ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ.

ಕೊನೆಯ ಮಾತು. ಪಕ್ಕದ ಬೆಡ್ಡಿನ ಸಹೋದರನಿಗೆ ಈ ತೊಂದರೆಯಿದ್ದರೆ ಎಲ್ಲರ ಮುಂದೆ ನಗಬೇಡಿ. ಒಬ್ಬನೇ ಇರುವಾಗ ಮೆಲ್ಲನೆ ಹೇಳಿ, ಕ್ಲಿನಿಕ್ಕಿಗೆ ಜೊತೆಗೆ ಹೋಗಿ. ನನಗೆ ಹಾಗೆ ಹೇಳಿದ ಒಬ್ಬ ಗೆಳೆಯನಿಂದಾಗಿಯೇ ನಾನಿಂದು ತರಾವೀಹ್‌ನಲ್ಲಿ ಸಂಕೋಚವಿಲ್ಲದೆ ಭುಜಕ್ಕೆ ಭುಜ ಸೇರಿಸಿ ನಿಲ್ಲುತ್ತಿದ್ದೇನೆ.

ಅಲ್ಲಾಹನು ನಮ್ಮೆಲ್ಲರ ಉಪವಾಸವನ್ನು ಸ್ವೀಕರಿಸಲಿ, ಆರೋಗ್ಯ ಕರುಣಿಸಲಿ. ಆಮೀನ್.