ಹೈಸ್ಕೂಲಿನ ಹಾಡು, ಐವತ್ತರ ಕಿವಿ

ಪ್ರಶ್ನೆ: ನಾನು ಓದಿದ್ದು ಭದ್ರಾವತಿಯ ನ್ಯೂ ಟೌನ್‌ನಲ್ಲಿ. ಎಂಟನೇ ಕ್ಲಾಸಿನಲ್ಲಿದ್ದಾಗ ‘ಪ್ರೇಮಲೋಕ’ ಸಿನಿಮಾ ಬಂತು. ಎಸ್ಸೆಸ್ಸೆಲ್ಸಿ ಹೊತ್ತಿಗೆ ಬೆಂಗಳೂರಿನಲ್ಲಿದ್ದ ಅಣ್ಣ ರಾಕ್ ತಂಡ ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’ ಕ್ಯಾಸೆಟ್ ತಂದುಕೊಟ್ಟ. ಈಗ ಐವತ್ತು ದಾಟಿದೆ. ಆಮೇಲೆ ಬಂದ ಯಾವ ಹಾಡೂ ಎದೆಗಿಳಿಯುತ್ತಿಲ್ಲ. ಹಾಡು ಕೆಟ್ಟಿತೋ, ನನ್ನ ಕಿವಿ ಕೆಟ್ಟಿತೋ?
– ಓದುಗರು, ಭದ್ರಾವತಿ

ಉತ್ತರ: ಎರಡೂ ಕೆಟ್ಟಿಲ್ಲ. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕಂಡದ್ದು, ಕೇಳಿದ್ದು ಮುಂದೆ ಹೆಚ್ಚು ನೆನಪಾಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಗುರುತಿಸಿದ್ದಾರೆ. ಹಾಡಿನ ಮಟ್ಟಿಗೆ ಅದು ಹೈಸ್ಕೂಲಿನ ಕಡೆಗೇ ವಾಲುತ್ತದೆ.

ಆದರೆ ನನಗೆ ಮಿದುಳಿಗಿಂತ ನಿಮ್ಮ ಟೇಪ್‌ರೆಕಾರ್ಡರ್ ಮೇಲೆ ಹೆಚ್ಚು ಅನುಮಾನ. ಆಗ ಮನೆಯಲ್ಲಿದ್ದದ್ದು ನಾಲ್ಕೈದು ಕ್ಯಾಸೆಟ್. ಹಿಡಿಸದ ಹಾಡನ್ನು ದಾಟಿಸಲು ಅಂದಾಜಿನ ಮೇಲೆ ಓಡಿಸಿ ನಿಲ್ಲಿಸಬೇಕು. ಆ ರಗಳೆ ಯಾರಿಗೆ ಬೇಕೆಂದು ಅದನ್ನೂ ಕೇಳುತ್ತಿದ್ದೆವು. ಕೇಳಿ ಕೇಳಿ ಅದೂ ಹಿಡಿಸುತ್ತಿತ್ತು. ಇನ್ನು ರೇಡಿಯೋ ಎಂದರೆ, 675 ಕಿಲೋಹರ್ಟ್ಸ್‌ನ ಭದ್ರಾವತಿ ಆಕಾಶವಾಣಿಯಲ್ಲಿ ರಾಕ್ ಎಲ್ಲಿಂದ ಬರಬೇಕು? 1987ರಲ್ಲಿ ಹಂಸಲೇಖ ‘ಪ್ರೇಮಲೋಕ’ದ ಬೈಕು, ಕಾಲೇಜಿನ ಕತೆಗೆ ಡ್ರಮ್ಮು, ಗಿಟಾರು ಕೂಡಿಸಿ ಕೊಟ್ಟಾಗ ನಮ್ಮ ಕಡೆಯ ಹುಡುಗರಿಗೆ ಆ ರುಚಿ ಹತ್ತಿತು. ನಿಮ್ಮ ಅಣ್ಣನ ಕ್ಯಾಸೆಟ್ ನಿಮಗೆ ದಕ್ಕಿದ್ದೂ ಆ ಹದವಾದ ಕಿವಿಯಿಂದಲೇ ಎಂದು ನನ್ನ ಊಹೆ.

ಇನ್ನೊಂದು ವಿಷಯ. ‘ಮಷೀನ್ ಹೆಡ್’ ಬಿಡುಗಡೆಯಾದದ್ದು 1972ರಲ್ಲಿ. ನೀವಾಗ ಹುಟ್ಟಿರಲೇ ಇಲ್ಲ! ಲಂಡನ್ನಿನಲ್ಲಿ ಹಳತಾಗಿದ್ದ ಸಂಗೀತ ಭದ್ರಾವತಿಯ ಹದಿನೈದರ ಹುಡುಗನಿಗೆ ಹೊಚ್ಚ ಹೊಸದು. ಹಾಗಿದ್ದ ಮೇಲೆ ‘ನಮ್ಮ ಕಾಲದ ಹಾಡು’ ಎಂದು ಜಗಳಕ್ಕೆ ನಿಲ್ಲುವುದು ಕಷ್ಟ. ಅಮೆರಿಕದ ಮನೋವಿಜ್ಞಾನಿ ಕಾರೊಲ್ ಕ್ರಂಹಾನ್ಸಲ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ ಅಪ್ಪ-ಅಮ್ಮನ ಹರೆಯದ ಹಾಡುಗಳೂ ಹತ್ತಿರವಾಗಿದ್ದವು. ಹಾಗಾಗಿ ಮನೆಯಲ್ಲಿ ಮಕ್ಕಳಿದ್ದರೆ ಇಯರ್‌ಫೋನ್ ತೆಗೆದು ನಿಮ್ಮ ಹಾಡನ್ನು ಗಟ್ಟಿಯಾಗಿ ಹಾಕಿ. ಹೊಸ ಹಾಡು ಹಿಡಿಸಬೇಕೆಂದರೆ ಒಂದೇ ಆಲ್ಬಮ್ಮನ್ನು ತಿಂಗಳಿಡೀ, ಯಾವ ಹಾಡನ್ನೂ ದಾಟಿಸದೆ ಕೇಳಿ. ಆಮೇಲೂ ಸೇರದಿದ್ದರೆ ಬಿಡಿ ಮಾರಾಯ್ರೆ, ಪರೀಕ್ಷೆಯೇನಲ್ಲ.

ಪ್ರಶ್ನೆ: ಅಟ್ಟದಲ್ಲಿದ್ದ ಹಳೇ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ. ಹಾಕಿ ನೋಡಲೇ?
– ಓದುಗರು, ದುರ್ಗಿಗುಡಿ, ಶಿವಮೊಗ್ಗ

ಉತ್ತರ: ಖಂಡಿತ ಬೇಡ. ಬೂಷ್ಟು ಪ್ಲೇಯರಿನ ಹೆಡ್‌ಗೆ ಮೆತ್ತಿಕೊಂಡು ಚೆನ್ನಾಗಿರುವ ಕ್ಯಾಸೆಟ್‌ಗೂ ಅಂಟುತ್ತದೆ. ಬಿಸಿಲಿಗೂ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೆರಳಿನಲ್ಲಿ, ತೇವವಿಲ್ಲದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಬಲ್ಲವರಿಂದ ಶುಚಿಮಾಡಿಸಿ. ಕಂಪನಿ ಕ್ಯಾಸೆಟ್‌ಗಳಿಗೆ ದುಡ್ಡು ಸುರಿಯಬೇಡಿ, ಆ ಹಾಡುಗಳು ಬೇರೆಡೆ ಸಿಗುತ್ತವೆ. ರೇಡಿಯೋದಿಂದ ನೀವೇ ರೆಕಾರ್ಡ್ ಮಾಡಿ, ನಡುವೆ ಮನೆಯವರ ಮಾತೂ ಸೇರಿಹೋಗಿರುವಂಥವನ್ನು ಮೊದಲು ಡಿಜಿಟಲ್ ಮಾಡಿಸಿ. ಸಿ-90 ಆಗಿದ್ದರೆ ಹಿಂದೆ ಮುಂದೆ ಓಡಿಸುತ್ತಾ ಕೂರಬೇಡಿ. ಸಿ-60ಕ್ಕಿಂತ ಅದರ ಟೇಪು ತೆಳು, ಬೇಗ ಸುತ್ತಿಕೊಳ್ಳುತ್ತದೆ.