ಹಳ್ಳದ ನೀರು ಮತ್ತು ನೆರೆತೋಟದ ಮೋಟಾರು

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ. ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆಯನ್ನು ಮುಳುಗಿಸುವ ಭದ್ರೆ ಹರಿಯುವುದು ಕಳಸದ ಮಗ್ಗುಲಲ್ಲಿ. ಇಂತಹ ಸೀಮೆಯಲ್ಲಿ ನೀರಿನ ಕೊರತೆಯ ಮಾತು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರೊಬಸ್ಟಾ ಮೊಗ್ಗು ಅರಳಲು ಹೂಮಳೆ ಬೇಕು. ಅದು ಬಾರದಿದ್ದರೆ ಸ್ಪ್ರಿಂಕ್ಲರ್‌ ಅನಿವಾರ್ಯ. ಒಂದು ಎಕರೆಗೆ ಒಂದು ಅಂಗುಲದಷ್ಟು ನೀರು ಹಾಯಿಸಲು ಸುಮಾರು 1.03 ಲಕ್ಷ ಲೀಟರ್ ಬೇಕಾಗುತ್ತದೆ. ಜಲ ಜೀವನ್ ಮಿಷನ್‌ನ ತಲಾ 55 ಲೀಟರ್ ಮಾನದಂಡದಂತೆ ಇದು 1,850ಕ್ಕೂ ಹೆಚ್ಚು ಜನರ ಒಂದು ದಿನದ ನೀರು. ಹಳ್ಳದ ಕೆಳಭಾಗದಲ್ಲಿ ಪಂಚಾಯಿತಿಯ ಕುಡಿಯುವ ನೀರಿನ ಬಾವಿಯಿದ್ದರೆ, ಮೇಲಿನ ಹತ್ತು ಮೋಟಾರುಗಳು ಏಕಕಾಲಕ್ಕೆ ಓಡಿದ ದಿನವೇ ಅಲ್ಲಿನ ನಲ್ಲಿ ನಿಲ್ಲುತ್ತದೆ.

ಬೆಳೆಗಾರರದು ದುರಾಸೆ ಎಂದು ತೀರ್ಮಾನಿಸುವುದು ಸುಲಭ. ಆದರೆ ಅದರಿಂದ ಸಮಸ್ಯೆಯ ಮೂಲ ತಿಳಿಯುವುದಿಲ್ಲ. ತಾನು ಬಿಟ್ಟ ನೀರು ಕೆಳಗಿನ ಕಾಲೋನಿಯನ್ನು ತಲುಪದೆ ನೆರೆತೋಟದ ಪೈಪಿಗೆ ಸೇರುತ್ತದೆಂಬ ಶಂಕೆಯೇ ಮೋಟಾರು ಹಾಕಿಸುತ್ತದೆ. ತ್ರೀಫೇಸ್ ವಿದ್ಯುತ್ ಬರುವ ಹೊತ್ತು ಎಲ್ಲರಿಗೂ ಒಂದೇ ಆದುದರಿಂದ ಶಂಕೆಯೂ ಏಕಕಾಲಕ್ಕೆ ಕಾರ್ಯರೂಪಕ್ಕೆ ಬರುತ್ತದೆ.

ಹಂಚಿಕೊಂಡ ಸಂಪನ್ಮೂಲವು ಹಾಳಾಗಿಯೇ ತೀರುತ್ತದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದರು. ಜನರು ತಾವೇ ನಿಯಮ ರೂಪಿಸಿಕೊಂಡು ಕಾಪಾಡಿಕೊಂಡ ನೀರಾವರಿ, ಅರಣ್ಯ, ಮೀನುಗಾರಿಕೆಗಳನ್ನು ತೋರಿಸಿ ಇದನ್ನು ತಿದ್ದಿದವರು ಎಲಿನಾರ್ ಆಸ್ಟ್ರಂ. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಅವರ ತಂಡದ ಪ್ರಯೋಗಗಳಲ್ಲಿ, ಮುಖಾಮುಖಿ ಮಾತುಕತೆಗೆ ಅವಕಾಶ ದೊರೆತ ಗುಂಪುಗಳು ಬಹುಮಟ್ಟಿಗೆ ಸುಧಾರಿಸಿದವು; ಮಾತುಕತೆಯಿಲ್ಲದೆ ದಂಡವನ್ನು ಮಾತ್ರ ಹೇರಿದಾಗ ಲಾಭವೆಲ್ಲ ದಂಡಕ್ಕೇ ಖರ್ಚಾಯಿತು. ನೋಟಿಸಿನಿಂದಲೇ ಹಳ್ಳ ತುಂಬೀತೆಂದು ನಂಬುವವರು ಇದನ್ನು ಗಮನಿಸಬೇಕು.

ಹಾಗಾದರೆ ಒಬ್ಬ ದೊಡ್ಡ ಬೆಳೆಗಾರರು ಸಂಯಮ ತೋರಿದರೆ ಉಳಿದವರು ಅನುಸರಿಸುವರೇ? ಸೂರಿ ಮತ್ತು ವಾಟ್ಸ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಲಾ 24 ಮಂದಿ ಅಂತರ್ಜಾಲದಲ್ಲಿ, ಸಾಮೂಹಿಕ ನಿಧಿಗೆ ಕೊಡುಗೆ ನೀಡುವ ಆಟವಾಡಿದರು. ಉದಾರವಾಗಿ ಕೊಡುವ ನೆರೆಯವರನ್ನು ನೋಡಿ ಜನರು ತಮ್ಮ ಕೊಡುಗೆ ಹೆಚ್ಚಿಸಿದ್ದು ನಿಜ. ಆದರೆ ಕೊಡದವರನ್ನು ನೋಡಿ ಅಷ್ಟೇ ಸುಲಭವಾಗಿ ಕಡಿಮೆಯನ್ನೂ ಮಾಡಿದರು. ಇನ್ನೂ ಮುಖ್ಯವಾದುದೆಂದರೆ, ಒಳ್ಳೆಯ ನಡತೆಯ ಪ್ರಭಾವ ನೇರ ನೆರೆಯವರಿಗೆ ತಾಗಿತೇ ಹೊರತು ಅವರಾಚೆಗೆ ಹರಡಲಿಲ್ಲ. ಆದಕಾರಣ ಇಡೀ ಪಂಚಾಯಿತಿಗೆ ಒಂದು ಸಭೆ ಕರೆಯುವುದಕ್ಕಿಂತ ಹಳ್ಳದ ಪ್ರತಿಯೊಂದು ಭಾಗದವರನ್ನು ಪ್ರತ್ಯೇಕವಾಗಿ ಕೂರಿಸುವುದು ಹೆಚ್ಚು ಉಪಯುಕ್ತವೆನಿಸುತ್ತದೆ.

ಸಭೆಯಲ್ಲಿ ಉಪನ್ಯಾಸದ ಬದಲು ಆಟವೊಂದನ್ನು ಆಡಿಸಬಹುದು. ಬಟ್ಟಲಿನಲ್ಲಿ 30 ಕಾಫಿಬೀಜ, ಅದೇ ಹಳ್ಳ. ಮೇಲಿನಿಂದ ಕೆಳಕ್ಕೆ ಐದು ತೋಟಗಳೆಂದು ಐವರು ಸಾಲಾಗಿ ಕೂರುತ್ತಾರೆ. ಪ್ರತಿಯೊಬ್ಬರೂ 1ರಿಂದ 4ರವರೆಗೆ ತಮಗೆ ಬೇಕಾದ ಬೀಜಗಳ ಸಂಖ್ಯೆಯನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು, ಸಾಲಿನ ಪ್ರಕಾರ ತೆಗೆದುಕೊಳ್ಳುತ್ತಾರೆ. ಪ್ರತಿ ಸುತ್ತಿನ ನಂತರ ಬಟ್ಟಲಿಗೆ 10 ಬೀಜ ಸೇರುತ್ತದೆ. ಎಲ್ಲರೂ 2 ಬೀಜ ತೆಗೆದರೆ ಬಟ್ಟಲು ಎಂದಿಗೂ ಬರಿದಾಗದು. ಎಲ್ಲರೂ 4 ತೆಗೆದರೆ ಮೂರನೆಯ ಸುತ್ತಿನಲ್ಲಿ 10 ಮಾತ್ರ ಉಳಿದಿರುತ್ತವೆ. ಮೂರನೆಯವರಿಗೆ 2 ಸಿಕ್ಕಿ, ಕೊನೆಯ ಇಬ್ಬರಿಗೆ ಏನೂ ಸಿಗದು. ಮೊದಲ ಆಟ ಮೌನವಾಗಿ, ಎರಡನೆಯದು ಮಾತನಾಡಿಕೊಂಡು. ಮೇಲ್ತೋಟದವರನ್ನು ಕೊನೆಯ ಸ್ಥಾನದಲ್ಲಿ ಒಮ್ಮೆ ಕೂರಿಸುವುದನ್ನು ಮರೆಯಬಾರದು.

ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಅಂತರ್ಜಲದ ಬಗ್ಗೆ ಇದೇ ಬಗೆಯ ಆಟಗಳನ್ನು ಆಡಿಸಿ, ನಂತರ ಚರ್ಚೆ ನಡೆಸಲಾಯಿತು. ಆಟವಾಡಿದ ಹಳ್ಳಿಗಳು ನೀರಿನ ವಹಿ ಇಡುವ ಮತ್ತು ನಿಯಮ ಮಾಡಿಕೊಳ್ಳುವ ಸಾಧ್ಯತೆ ಇತರ ಹಳ್ಳಿಗಳಿಗಿಂತ ಹೆಚ್ಚೆಂದು ಕಂಡುಬಂದಿತು. ಮಲೆನಾಡಿನ ವಹಿಯಲ್ಲಿ ಮೂರು ಅಂಕಣ ಸಾಕು: ದಿನಾಂಕ, ಮೋಟಾರಿನ ಎಚ್‌.ಪಿ., ಓಡಿದ ಗಂಟೆಗಳು. ಅದನ್ನು ಕಚೇರಿಯ ಕಪಾಟಿನಲ್ಲಿಡದೆ ಹಾಲಿನ ಡೇರಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಏಕೆಂದರೆ ಶಂಕೆ ಬೆಳೆಯುವುದು ನೆರೆಯವರ ಲೆಕ್ಕ ಕಾಣದಿದ್ದಾಗ. ಹಳ್ಳವು ಎರಡು ಪಂಚಾಯಿತಿಗಳ ಗಡಿಯಾಗಿದ್ದಲ್ಲಿ ಎರಡೂ ಕಡೆಯ ಸದಸ್ಯರು ಒಂದೇ ಸಭೆಯಲ್ಲಿ ಕುಳಿತು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳನ್ನೂ ಸೇರಿಸಿಕೊಂಡು, ಮೊದಲ ಮೋಟಾರು ಹಳ್ಳಕ್ಕಿಳಿಯುವ ಮುನ್ನ, ಅಂದರೆ ಜನವರಿಯೊಳಗೇ, ಸರದಿಯನ್ನು ನಿಗದಿಪಡಿಸಿಕೊಳ್ಳುವುದು ಸೂಕ್ತ.